ಕೇಳಿದ್ದು-ಕಂಡದ್ದು: ಇಪ್ಪತ್ತು ವರ್ಷಕ್ಕೆ ಒಂದೇ ಹಾಡು

ಹಬ್ಬದ ಸಂಚಿಕೆಗೆಂದು ಈ ಅಂಕಣದಲ್ಲಿ ಭಾವಗೀತೆ, ಕಛೇರಿ ಎಂದು ಬರೆಯುತ್ತಿದ್ದವನು ಈ ಸಲ ಕಿವಿ ಗಡಚಿಕ್ಕುವ ಸಂಗೀತದ ಸುದ್ದಿ ತಂದಿದ್ದೇನೆ. ಹಿರಿಯ ಓದುಗರು ಗಾಬರಿಯಾಗಬೇಕಿಲ್ಲ. ದೀಪಾವಳಿಯ ಚಕ್ಕುಲಿ ಕಡಿಯುತ್ತಾ ಆರಾಮವಾಗಿ ಓದಿ. ಕಾಗದದಿಂದ ಸದ್ದು ಬರುವುದಿಲ್ಲ.

ಈ ಸಂಗೀತದ ಹೆಸರು ಮೆಟಲ್‌ಕೋರ್. ಹಾರ್ಡ್‌ಕೋರ್ ಪಂಕ್‌ನ ಸಿಟ್ಟು, ಹೆವಿ ಮೆಟಲ್‌ನ ಭಾರದ ಗಿಟಾರು, ಎರಡನ್ನೂ ಸೇರಿಸಿ ಅರೆದ ಖಾರದ ಚಟ್ನಿ. ಹಾಡುಗಾರ ಹಾಡುವುದಕ್ಕಿಂತ ಕಿರುಚುವುದೇ ಹೆಚ್ಚು. ಮಧ್ಯೆ ಒಂದು ಕಡೆ ಓಟ ಇದ್ದಕ್ಕಿದ್ದಂತೆ ನಿಧಾನವಾಗಿ, ಎಲ್ಲ ವಾದ್ಯಗಳೂ ಒಟ್ಟಿಗೆ ಒನಕೆ ಕುಟ್ಟಿದ ಹಾಗೆ ಬೀಳುತ್ತವೆ. ಅದಕ್ಕೆ ಬ್ರೇಕ್‌ಡೌನ್ ಎನ್ನುತ್ತಾರೆ. ಸಭಿಕರು ಕಾಯುವುದೇ ಆ ಗಳಿಗೆಗೆ. ನಮ್ಮ ತನಿ ಆವರ್ತನದ ಕೊನೆಯ ಕೋರ್ವೆಗೆ ರಸಿಕರು ಕಾಯುವುದಿಲ್ಲವೇ, ಹಾಗೆ.

ಈ ಪ್ರಕಾರದಲ್ಲಿ ಹೆಸರು ಮಾಡಿದ ಒಂದು ಬ್ಯಾಂಡು ನಮ್ಮ ಪಕ್ಕದಲ್ಲೇ ಹುಟ್ಟಿತು. ಸಿಯಾಟಲ್‌ನಿಂದ ದಕ್ಷಿಣಕ್ಕೆ ಸುಮಾರು 30 ಮೈಲಿ ಹೋದರೆ ಸಿಗುವ ಟಕೋಮಾದಲ್ಲಿ, 1993ರಲ್ಲಿ. ಹೆಸರು ಬಾಚ್. ಬಾಚಣಿಗೆಗೂ ಇದಕ್ಕೂ ಸಂಬಂಧವಿಲ್ಲ. ಜರ್ಮನಿಯ ಮಹಾಶಯ ಬಾಕ್ ಅಂತೂ ಅಲ್ಲವೇ ಅಲ್ಲ. ಇಂಗ್ಲಿಷಿನಲ್ಲಿ ಆ ಪದಕ್ಕೆ ಕೆಲಸ ಕೆಡಿಸುವುದು ಎಂದರ್ಥ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತೇವಲ್ಲ, ಅದು!

ಗಿಟಾರಿಗೆ ಡೇವ್ ನಡ್ಸನ್, ಬೇಸ್‌ಗೆ ಬ್ರಿಯಾನ್ ಕುಕ್, ಡ್ರಮ್ಸ್‌ಗೆ ಟಿಮ್ ಲಟೋನಾ, ಕಿರುಚಲು ಡೇವ್ ವೆರೆಲೆನ್. ನಾಲ್ವರೂ ಕೆಲಸ ಕೆಡಿಸಲಿಲ್ಲ. 1998ರಲ್ಲಿ 'ಅಮೆರಿಕನ್ ನರ್ವೋಸೋ', 1999ರಲ್ಲಿ 'ವಿ ಆರ್ ದ ರೋಮನ್ಸ್' ಎಂಬ ಆಲ್ಬಂಗಳು ಬಂದವು. ರಾಕ್ ಸಂಗೀತ ಸಾಮಾನ್ಯವಾಗಿ ನಮ್ಮ ಆದಿತಾಳದ ಹಾಗೆ ನಾಲ್ಕು ನಾಲ್ಕಾಗಿ ನಡೆಯುತ್ತದೆ. ಇವರದು ಹಾಗಲ್ಲ. ನಾಲ್ಕೆಂದು ಬೆರಳು ಎಣಿಸುತ್ತಾ ಕೂತರೆ ಐದೋ ಏಳೋ ಆಗಿ ಜಾರಿಬಿಡುತ್ತದೆ. ಅದಕ್ಕೇ ಈ ಬಗೆಗೆ ಮ್ಯಾಥ್‌ಕೋರ್, ಅಂದರೆ ಲೆಕ್ಕದ ಸಂಗೀತ, ಎಂದೂ ಹೆಸರಿದೆ. ಖಂಡಚಾಪು, ಮಿಶ್ರಚಾಪು ಕೇಳಿ ಬೆಳೆದ ಕಿವಿಗೆ ಈ ಗದ್ದಲದೊಳಗೊಂದು ಲೆಕ್ಕವಿದೆ ಎಂದು ಹೊಳೆಯಲು ಹೆಚ್ಚು ಹೊತ್ತು ಬೇಡ. ನನಗಂತೂ ಈ ಸಂಗೀತದೊಳಗೆ ಬಾಗಿಲು ತೆರೆದದ್ದು ಆ ಲೆಕ್ಕವೇ.

ಆದರೆ ಮುಂದಿನ ಆಲ್ಬಂ ಕೂಡಿ ಬರಲಿಲ್ಲ. 2002ರ ಜೂನ್ 15ರಂದು, ಪೈಕ್ ಪ್ಲೇಸ್ ಮಾರ್ಕೆಟ್ಟಿನ ಎದುರಿಗಿರುವ ಶೋಬಾಕ್ಸ್ ಸಭಾಂಗಣದಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟು ಬೇರೆಯಾದರು. ಆ ತಾರೀಕಿನ ಅಂಕಿಗಳನ್ನೇ ಹೆಸರಾಗಿಟ್ಟು, '061502' ಎಂದು, ಅಂದಿನ ಧ್ವನಿಮುದ್ರಣ 2006ರಲ್ಲಿ ಹೊರಬಂತು. ಬೇರೆಯಾದ ಮೇಲೆ ಬಂದ ಆರು ಹಾಡುಗಳ ಇನ್ನೊಂದು ಕಿರು ಮುದ್ರಿಕೆಯಲ್ಲಿ ದೇಶಗಳ ಹೆಸರಿನ 'ನ್' ತೆಗೆದು 'ಮ್' ಹಾಕಿದ್ದರು: ಸ್ಪೇಮ್, ಜಪಾಮ್, ವಿಯೆಟ್ಮಾಮ್! ಬ್ಯಾಂಡು ಮುರಿದರೂ ತಮಾಷೆ ಮುರಿದಿರಲಿಲ್ಲ.

ಆಮೇಲೆ ಬದುಕು ತನ್ನ ದಾರಿ ಹಿಡಿಯಿತು. ನಡ್ಸನ್ ಮೈನಸ್ ದ ಬೇರ್ ಎಂಬ ಬ್ಯಾಂಡಿನಲ್ಲಿ ಹೆಸರು ಮಾಡಿದ. ಕುಕ್ ರಷ್ಯನ್ ಸರ್ಕಲ್ಸ್ ಸೇರಿದ. ಹೊಟ್ಟೆಯಿಂದ ಬೆಂಕಿಯುಗುಳುತ್ತಿದ್ದ ವೆರೆಲೆನ್ ಬೆಂಕಿ ನಂದಿಸುವ ಕೆಲಸಕ್ಕೆ, ಅಂದರೆ ಅಗ್ನಿಶಾಮಕ ದಳಕ್ಕೆ, ಸೇರಿದ. ಇತ್ತ ಹಳೆಯ ಆಲ್ಬಂ ಕೈಯಿಂದ ಕೈಗೆ ಹೋಗಿ ಹೊಸ ಹುಡುಗರಿಗೆ ಪಠ್ಯಪುಸ್ತಕದಂತಾಯಿತು.

ಕೊರೋನಾ ಕಾಲದಲ್ಲಿ ಮನೆಯಲ್ಲಿ ಕೂತು ನಡ್ಸನ್ ತನ್ನ ಸ್ವಂತ ಆಲ್ಬಂ ಸಿದ್ಧಪಡಿಸುತ್ತಿದ್ದ. ಒಂದು ಹಾಡಿಗೆ ಕಂಠ ಕೊಡು ಎಂದು ವೆರೆಲೆನ್‌ನನ್ನು ಕೇಳಿದ. ಅವನು ಬಂದ ಮೇಲೆ ಉಳಿದಿಬ್ಬರು ಯಾಕೆ ಬೇಡ? ಹಾಗೆ 2022ರಲ್ಲಿ, ಇಪ್ಪತ್ತು ವರ್ಷದ ನಂತರ, 'ಒನ್ ಟ್ವೆಂಟಿ ಟೂ' ಎಂಬ ಹೊಸ ಹಾಡು ಬಂತು. ಒಂದೇ ಒಂದು ಹಾಡು. ಸ್ನಾನಕ್ಕೆ ಹೋದವರು ಹೊರಬರುವಷ್ಟರಲ್ಲಿ ಮುಗಿದುಹೋಗುತ್ತದೆ. 2023ರಲ್ಲಿ ಅದೇ ಶೋಬಾಕ್ಸ್ ವೇದಿಕೆಗೂ ಮರಳಿದರು.

ಹಳೆಯ ಬ್ಯಾಂಡುಗಳು ಮರಳುವುದೆಲ್ಲ ದುಡ್ಡಿಗಾಗಿ ಎನ್ನುವವರಿದ್ದಾರೆ. ಕೆಲವು ಕಡೆ ಅದು ನಿಜವೂ ಹೌದು. ಆದರೆ ಒಂದು ಹಾಡಿನಲ್ಲಿ ಎಷ್ಟು ದುಡ್ಡು ಹುಟ್ಟೀತು? ನನಗೆ ಹಿಡಿಸಿದ್ದು ಅದರ ಗಾತ್ರ. ಇಪ್ಪತ್ತು ವರ್ಷಕ್ಕೆ ತಕ್ಕಷ್ಟು ದೊಡ್ಡದು ಕೊಡಬೇಕೆಂದು ಹೊರಟಿದ್ದರೆ ಅದೂ ಹಿಂದಿನ ಆಲ್ಬಂನಂತೆ ಅರ್ಧದಲ್ಲೇ ನಿಲ್ಲುತ್ತಿತ್ತೋ ಏನೋ. ಕೈಗೆ ಬಂದದ್ದನ್ನು ನಾಲ್ವರೂ ಕೂಡಿ ಮಾಡಿದರು, ಅಷ್ಟೆ.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ಈ ಊರಿಗೆ ಬಂದ ಹೊಸತರಲ್ಲಿ ನಾವೂ ನಾಲ್ವರು ಸುಗಮ ಸಂಗೀತದ ತಂಡ ಕಟ್ಟಿದ್ದೆವು. ಶುಕ್ರವಾರ ರಾತ್ರಿ ಗ್ಯಾರೇಜಿನಲ್ಲಿ ಅಭ್ಯಾಸ, ಆಮೇಲೆ ಉಪ್ಪಿಟ್ಟು. ಜಗಳವಾಡಿ ಬಿಟ್ಟದ್ದಲ್ಲ. ಒಬ್ಬನಿಗೆ ಬೇರೆ ಊರಿಗೆ ವರ್ಗ, ಇನ್ನೊಬ್ಬನ ಮಕ್ಕಳಿಗೆ ಸಾಕರ್, ನನಗೆ ರಾತ್ರಿಯ ಕಾನ್ಫರೆನ್ಸ್ ಕಾಲ್. ಸಿಕ್ಕಾಗಲೆಲ್ಲ "ಮತ್ತೆ ಶುರು ಮಾಡಬೇಕು ಮಾರಾಯ, ಮಾಡಿದರೆ ಎರಡು ಗಂಟೆಯ ಪೂರ್ತಿ ಕಾರ್ಯಕ್ರಮವನ್ನೇ ಮಾಡಬೇಕು" ಎನ್ನುತ್ತಿದ್ದೆವು. ತಬಲಾ ನುಡಿಸುತ್ತಿದ್ದ ಗೆಳೆಯ 2019ರಲ್ಲಿ ತೀರಿಕೊಂಡ. ಟಕೋಮಾದ ನಾಲ್ವರಿಗೆ ಸಿಕ್ಕ ಭಾಗ್ಯ, ನಾಲ್ವರೂ ಒಟ್ಟಿಗೆ ಮರಳುವ ಭಾಗ್ಯ, ನಮಗಿನ್ನಿಲ್ಲ.

ನಿಮ್ಮಲ್ಲೂ ಎಷ್ಟೋ ಮನೆಗಳ ಕ್ಲಾಸೆಟ್ಟಿನಲ್ಲಿ ವೀಣೆ, ಪಿಟೀಲು, ಗೆಜ್ಜೆ ಮಲಗಿವೆ. ಅರಂಗೇಟ್ರಂ ಮಾಡುವಷ್ಟು ಬಿಡುವು ಬರಲಿ ಎಂದು ಕಾಯಬೇಡಿ. ಬಿಡುವು ಬರುವುದಿಲ್ಲ, ಬಂದಾಗ ಪಕ್ಕದವರು ಇರುವುದಿಲ್ಲ. ಒಂದು ಹಾಡು ಸಾಕು. ಐದು ನಿಮಿಷ ಸಾಕು.

ಉಳಿದ ನಾವು ಮೂವರು ಫೋನಿನಲ್ಲಿ ಮಾತಾಡಿದ್ದೇವೆ. ಯುಗಾದಿ ಕಾರ್ಯಕ್ರಮದಲ್ಲಿ ಒಂದೇ ಹಾಡು. ಸಮಿತಿಯವರು ಆರು ನಿಮಿಷ ಕೊಟ್ಟಿದ್ದಾರೆ. ಗೆಳೆಯನ ತಬಲಾವನ್ನು ಅವನ ಮನೆಯವರು ಕೊಡಲು ಒಪ್ಪಿದ್ದಾರೆ. ನುಡಿಸುವ ಕೈ ಬೇಕಾಗಿದೆ. ಓದುಗರಲ್ಲಿ ಬಲ್ಲವರು ಯಾರಾದರೂ ಇದ್ದೀರಾ? ಉಪ್ಪಿಟ್ಟಿನ ಜವಾಬ್ದಾರಿ ನನ್ನದು.