ಬ್ಲ್ಯಾಕೌಟ್ ರಾತ್ರಿಯ ಒಂದು ಷೋ

ಯುದ್ಧದ ಸಿನಿಮಾ ನೋಡುವಾಗ ನನಗೊಂದು ಕೆಟ್ಟ ಅಭ್ಯಾಸ ಇದೆ ಗೆಳೆಯರೇ. ಪರದೆ ಮೇಲೆ ಸೈರನ್ ಕೂಗಿದ ತಕ್ಷಣ ನನ್ನ ಕತ್ತು ಹಿಂದಕ್ಕೆ ತಿರುಗುತ್ತೆ. ಹೀರೋ ಬೇಡ, ವಿಮಾನ ಬೇಡ. ಪ್ರೊಜೆಕ್ಟರ್ ಕಿಂಡಿಯಿಂದ ಬರೋ ಆ ಬೆಳಕಿನ ಕೋಲನ್ನ ನೋಡ್ತೀನಿ. "ಆ ಲೈಟ್ ಆರಿಸ್ರಪ್ಪಾ" ಅಂತ ಕೂಗಬೇಕು ಅನ್ಸುತ್ತೆ. ಪಕ್ಕದ ಸೀಟಿನವರು ಹುಚ್ಚ ಅಂದ್ಕೊಂಡಾರು ಅಂತ ಸುಮ್ಮನಿರ್ತೀನಿ.

ಇದರ ಹಿಂದೆ ಒಂದು ಕಥೆ ಇದೆ. ಈ ವಾರ ಅದೇ ಆಗಲಿ.

1971. ನನಗೆ ಐದು ವರ್ಷ, ಅಣ್ಣನಿಗೆ ಹತ್ತು. ನಾವು ಹಾಸನದ ಕಡೆಯವರು. ಅಪ್ಪ ಏರ್‌ಫೋರ್ಸಿನಲ್ಲಿ ವಿಮಾನದ ಚಕ್ರ, ಬ್ರೇಕು ನೋಡಿಕೊಳ್ಳೋ ಕೆಲಸದಲ್ಲಿದ್ದರು. ಊರು ಆಗ್ರಾ. ಅಲ್ಲಿ ಕ್ಯಾನ್‌ಬೆರಾ ಬಾಂಬರ್ ವಿಮಾನಗಳಿದ್ದವು. ನಮಗೆ ಮಾತ್ರ ಆಗ್ರಾ ಅಂದ್ರೆ ತಾಜ್ ಮಹಲ್, ಪೇಠಾ ಮಿಠಾಯಿ, ಆಮೇಲೆ ಸಿನಿಮಾ!

ಅಣ್ಣ ಆಗಲೇ ಮಹಾ ಸಿನಿಮಾ ಹುಚ್ಚ. ಟಾಕೀಸಿನ ಹಿಂದೆ ಬಿಸಾಡಿದ ಫಿಲ್ಮ್ ತುಂಡುಗಳನ್ನ ಆರಿಸಿ ತಂದು ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದ. ಟಾರ್ಚು, ಒಂದು ಒಡೆದ ಭೂತಗನ್ನಡಿ, ಗೋಡೆ — ಮುಗೀತು, ನಮ್ಮ ಮನೆಯೇ ಥಿಯೇಟರ್. ಅದರಲ್ಲೊಂದು ತುಂಡಿನಲ್ಲಿ ಕುದುರೆ ಮೇಲೆ ಒಬ್ಬ ಸವಾರ ಇದ್ದ. ಯಾವ ಚಿತ್ರವೋ, ಯಾವ ನಟನೋ, ಇವತ್ತಿಗೂ ಗೊತ್ತಿಲ್ಲ. ನನ್ನ ಪಾಲಿನ ಮೊದಲನೇ ಸೂಪರ್‌ಸ್ಟಾರ್ ಅವನೇ!

ಡಿಸೆಂಬರ್ 3, ಶುಕ್ರವಾರ. ನಮಗೆಲ್ಲ ಶುಕ್ರವಾರ ಅಂದ್ರೆ ಹೊಸ ಚಿತ್ರ ಬಿಡುಗಡೆ. ಆವತ್ತು ಬಿಡುಗಡೆಯಾದದ್ದು ಯುದ್ಧ. ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಿಮಾನ ನೆಲೆಗಳ ಮೇಲೆ ಬಿದ್ದವು. ಅಮೃತಸರ, ಪಠಾಣ್‌ಕೋಟ್, ಶ್ರೀನಗರ... ರಾತ್ರಿ ಅಷ್ಟು ದೂರದ ಆಗ್ರಾಕ್ಕೂ ಬಂದವು. ಮಧ್ಯರಾತ್ರಿ ಇಂದಿರಾ ಗಾಂಧಿ ರೇಡಿಯೋದಲ್ಲಿ ಮಾತಾಡಿದರು.

ಏರಿ ಇಳಿದು ಕೂಗಿದರೆ ಅಪಾಯ, ಒಂದೇ ಸಮನೆ ಕೂಗಿದರೆ ಪಾರು — ಸೈರನ್ನಿನ ಭಾಷೆ ಅಷ್ಟೆ. ಕಿಟಕಿ ಗಾಜಿಗೆಲ್ಲ ಕಂದು ಕಾಗದ. ಅಂಗಳದಲ್ಲಿ ಕಂದಕ. ಕಿವಿಗೆ ಹತ್ತಿ, ಹಲ್ಲಿನ ಮಧ್ಯೆ ಪೆನ್ಸಿಲ್. ಅಪ್ಪ ಸೈಕಲ್ ಹತ್ತಿ ಡ್ಯೂಟಿಗೆ ಹೋದವರು ವಾಪಸ್ ಬರಲಿಲ್ಲ.

ಮೊದಲ ರಾತ್ರಿ ಏನು ನೋಡಿದೆ? ವಿಮಾನ ಧುಮುಕಿದ್ದು, ಬೆಂಕಿ ಉಂಡೆ ಎದ್ದದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಹಿಂದೆ ಸಂಗೀತ ಬೇರೆ ಕೇಳಿಸುತ್ತೆ! ಅಲ್ಲೇ ಇದೆ ನೋಡಿ ಮೋಸ. ನಾನು ಆವತ್ತು ಕಂದಕದಲ್ಲಿ ಅಮ್ಮನ ಸೆರಗಿನ ಕೆಳಗಿದ್ದೆ. ಕಂಡದ್ದು ಬರೀ ಕತ್ತಲು. ಆ ವಿಮಾನಗಳೆಲ್ಲ ಚೇತನ್ ಆನಂದ್ ಅವರ 1973ರ 'ಹಿಂದೂಸ್ಥಾನ್ ಕೀ ಕಸಮ್' ಚಿತ್ರದಿಂದ ಬಂದು ನನ್ನ ತಲೆಯಲ್ಲಿ ಬಾಡಿಗೆಗೆ ಕೂತಿವೆ. ನನ್ನ ಸ್ವಂತದ ನೆನಪು ಅಂದ್ರೆ ಅಮ್ಮನ ಸೀರೆಯ ಸೀಮೆಎಣ್ಣೆ ವಾಸನೆ. ಆಕೆ ಆಗ ಆರು ತಿಂಗಳ ಬಸುರಿ.

ಮೂರನೇ ರಾತ್ರಿ ನನಗೆ ತಡೀಲಿಲ್ಲ. "ಕುದುರೆಯವನ್ನ ತೋರ್ಸೋ" ಅಂತ ಅಣ್ಣನ ಪ್ರಾಣ ತಿಂದೆ. ಮಂಚದ ಕೆಳಗೆ ಕಂಬಳಿ ಇಳಿಬಿಟ್ಟು ಅವನು ಷೋ ಶುರು ಮಾಡಿದ. ಚಿತ್ರ ಅಂಗೈಯಷ್ಟೇ ಇತ್ತು. ನನಗೆ ಗೋಡೆ ತುಂಬ ಬೇಕಿತ್ತು. ಕಂಬಳಿ ಹಿಡಿದು ಎಳೆದುಬಿಟ್ಟೆ!

ಗೋಡೆ ಮೇಲೆ ಸವಾರ ಆಳೆತ್ತರ ನಿಂತ. ಕಿಟಕಿ ಮೂಲೆಯಲ್ಲಿ ಕಾಗದ ಬಿಟ್ಟುಕೊಂಡಿತ್ತು. ಹೊರಗೆ ಪಿಳ್ ಅಂತ ಸೀಟಿ. ಬಾಗಿಲು ದಬದಬ. ವಾರ್ಡನ್ ಹಿಂದಿಯಲ್ಲಿ ಬೈದ ಬೈಗುಳ ಅಮ್ಮನಿಗೆ ಅರ್ಧವೂ ಅರ್ಥವಾಗಲಿಲ್ಲ. ಕೈಮುಗಿದು ನಿಂತಿದ್ದಳು. ಅವನು ಹೋದ ಮೇಲೆ ಅಣ್ಣನ ಕೆನ್ನೆಗೆ ಒಂದು ಬಿತ್ತು.

"ನಿಮ್ಮಪ್ಪ ಅಲ್ಲೇ ಇದಾರೆ ಕಣೋ! ಈ ಬೆಳಕು ಕಂಡ್ರೆ ಬಾಂಬ್ ಹಾಕಲ್ವೇನೋ?"

ಕಂಬಳಿ ಎಳೆದವನು ನಾನು ಅಂತ ಅಣ್ಣ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಅಪ್ಪ ಆಮೇಲೂ ಎರಡು ದಿನ ಬರಲಿಲ್ಲ. ಆ ಎರಡು ದಿನ ಅಪ್ಪನನ್ನ ಕೊಂದವನು ನಾನೇ ಅಂತ ನಂಬಿದ್ದೆ. ಐದು ವರ್ಷದವನಿಗೆ ಅದನ್ನ ಯಾರ ಹತ್ತಿರ ಹೇಳಬೇಕು ಅಂತ ಗೊತ್ತಿರಲ್ಲ. ಅನ್ನ ಸೇರಲಿಲ್ಲ. ಅಮ್ಮ ಜ್ವರ ಅಂದ್ಕೊಂಡಳು. ಕೊನೆಗೆ ಒಂದು ಬೆಳಿಗ್ಗೆ ಅಪ್ಪ ಬಂದರು. ಗ್ರೀಸ್ ಮೆತ್ತಿದ ಕೈ, ಕೆಂಪು ಕಣ್ಣು. ಬೂಟು ಬಿಚ್ಚದೆ ನೆಲದ ಮೇಲೇ ಮಲಗಿಬಿಟ್ಟರು. ನಾನು ಆ ಬೂಟು ಹಿಡ್ಕೊಂಡು ಪಕ್ಕದಲ್ಲೇ ಕೂತಿದ್ದೆ.

ತಾಜ್ ಮಹಲಿನ ಮಾತು ಹೇಳಲೇಬೇಕು. ಯುದ್ಧ ಶುರುವಾದದ್ದು ಹುಣ್ಣಿಮೆಯ ಮಾರನೇ ದಿನ. ಬೆಳದಿಂಗಳಲ್ಲಿ ಆ ಅಮೃತಶಿಲೆ ಶತ್ರುವಿಗೆ ದಾರಿದೀಪ ಆಗಬಾರದು ಅಂತ ಅದಕ್ಕೆ ಸೆಣಬಿನ ಬಟ್ಟೆ ಹೊದಿಸಿದ್ದರು. ಊರಿಗೆ ಊರೇ ಕಂಬಳಿ ಹೊದ್ದಿದ್ದಾಗ ನಾನೊಬ್ಬ ಎಳೆದಿದ್ದೆ! ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕ್ ಸೈನ್ಯ ಶರಣಾಯಿತು. 17ರಂದು ಪಶ್ಚಿಮದಲ್ಲೂ ಕದನ ನಿಂತಿತು. ಆವತ್ತು ಅಮಾವಾಸ್ಯೆ.

ಹೋದ ವರ್ಷ ಅಮ್ಮನ ಮುಂದೆ ತಪ್ಪು ಒಪ್ಪಿಕೊಂಡೆ. ಐವತ್ತು ವರ್ಷ ದಾಟಿದ ಮೇಲೆ! ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಹೊಡೆದಿದ್ನಾ? ನಂಗೆ ನೆನಪಿರೋದು ಸ್ಟೌವಿಗೆ ಸೀಮೆಎಣ್ಣೆ ಮುಗಿದಿದ್ದು" ಅಂದಳು. ಪಕ್ಕದಲ್ಲಿದ್ದ ಅಣ್ಣ ಸುಮ್ಮನೆ ಕೆನ್ನೆ ಸವರಿಕೊಂಡ. ಅವನಿಗೆ ನೆನಪಿತ್ತು.

ನಮ್ಮ ಹುಡುಗರು ಯುದ್ಧದ ಚಿತ್ರಕ್ಕೆ ಹೋದರೆ ಬಾಂಬಿಗೆ ಸೀಟಿ ಹೊಡೀತಾರೆ. ಹೊಡೀಲಿ, ನಾನೂ ಹೊಡೆದಿದ್ದೀನಿ. 1997ರ 'ಬಾರ್ಡರ್' ನೋಡಿ ಗಂಟಲು ಕಟ್ಟಿಸಿಕೊಂಡವನು ನಾನು. ಆದರೆ ರಾಜೇಂದ್ರಸಿಂಗ್ ಬಾಬು ಅವರ 'ಮುತ್ತಿನ ಹಾರ' 1990ರಲ್ಲಿ ಬಂದಾಗ ಮಾತ್ರ ಸೀಟಿ ಬರಲಿಲ್ಲ. ವಿಷ್ಣುವರ್ಧನ್ ಅವರ ಸೈನಿಕನ ಹಿಂದೆ ಒಂದು ಮನೆ ಇತ್ತು, ಕಾಯೋ ಹೆಂಗಸಿದ್ದಳು. ಅದು ನಮ್ಮ ಮನೆ ಅನ್ನಿಸಿತು.

ಮುಂದಿನ ಸಲ ಪರದೆ ಮೇಲೆ ಸೈರನ್ ಕೂಗಿದಾಗ ವಿಮಾನದ ಜೊತೆಗೆ ಕೆಳಗಿನ ಕತ್ತಲೆ ಕಿಟಕಿಯನ್ನೂ ಒಮ್ಮೆ ನೋಡಿ. ಅದರ ಹಿಂದೆ ಯಾರೋ ಒಬ್ಬ ಪೋರ ಕಂಬಳಿ ಹಿಡ್ಕೊಂಡು ಕೂತಿರ್ತಾನೆ.

ಬರಲಾ? ಮುಂದಿನ ವಾರ ಸಿಗೋಣ.