ಮೇಣ ಸುಲಭ, ಬತ್ತಿ ಕಷ್ಟ

2024ರ ದೀಪಾವಳಿಗೆ ನಾನು ಹನ್ನೆರಡು ಮನೆಗೆ ಬತ್ತಿ ಇಟ್ಟೆ. ಗಾಬರಿಯಾಗಬೇಡಿ, ಆಫೀಸಿನಲ್ಲಿ ಒಬ್ಬರಿಗೊಬ್ಬರು ಇಡ್ತಾರಲ್ಲ, ಆ ಬತ್ತಿ ಅಲ್ಲ. ಗಾಜಿನ ಲೋಟದಲ್ಲಿ ಸೋಯಾ ಮೇಣ ತುಂಬಿ, ಮಲ್ಲಿಗೆ ಪರಿಮಳ ಬೆರೆಸಿ, ನಾನೇ ಕೈಯಾರೆ ಮಾಡಿದ ಮೇಣದಬತ್ತಿ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ನಾಲ್ಕನೇ ದಿನ ದೊಡ್ಡಮ್ಮನ ಮನೆಯಲ್ಲಿ, ಮೇಣ ಇನ್ನೇನು ಕಾಲುಭಾಗ ಉಳಿದಿದೆ ಅನ್ನುವಾಗ, ಲೋಟ ‘ಟಪ್’ ಅಂತ ಸೀಳಿ ಟೀಪಾಯಿ ಮೇಲೆಲ್ಲ ಬಿಸಿ ಮೇಣ ಹರಿಯಿತು. ಅದೇ ಟೀಪಾಯಿ ಹಿಡ್ಕೊಂಡು ಸುತ್ತು ಹೊಡೀತಿದ್ದ ಅಕ್ಕನ ಎರಡೂವರೆ ವರ್ಷದ ಮಗ ಆಗಷ್ಟೇ ನೀರು ಕುಡಿಯೋಕೆ ಒಳಗೆ ಹೋಗಿದ್ದನಂತೆ.

ದೊಡ್ಡಮ್ಮ ಬೈಯಲಿಲ್ಲ. “ಗಾಜು ಹಳೇದಿತ್ತೇನೋ, ಬಿಡೋ” ಅಂದರು. ಗಾಜು ಹೊಸದೇ. ಬಿಸಿ ತಡೆಯೋ ಜಾತಿಯದಲ್ಲ, ಅದನ್ನೂ ಒಪ್ಕೋತೀನಿ. ಆದರೆ ಅದನ್ನ ಅಷ್ಟು ಕಾಯಿಸಿದ್ದು ನಾನು ಆರಿಸಿದ ಬತ್ತಿ. ಆ ರಾತ್ರಿ ಉಳಿದ ಹನ್ನೊಂದು ಮನೆಗೂ ಫೋನ್ ಮಾಡಿ “ದಯವಿಟ್ಟು ಹಚ್ಚಬೇಡಿ” ಅಂತ ಹೇಳಿದೆ. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ.

ನೋಡಿ, ಕನ್ನಡದಲ್ಲಿ ಇದಕ್ಕೆ ಮೇಣದಬತ್ತಿ ಅಂತಾರೆ. ಬತ್ತಿಯೇ ಯಜಮಾನ, ಮೇಣ ಅದರ ಹಿಂದೆ ಬಂದ ಪರಿವಾರ. ಹೊಸದಾಗಿ ಶುರು ಮಾಡುವ ನಮ್ಮಂಥವರು ಮಾಡೋದು ಸರಿಯಾಗಿ ಉಲ್ಟಾ. ಮೊದಲು ಚಂದದ ಲೋಟ, ಆಮೇಲೆ ಪರಿಮಳ, ಆಮೇಲೆ ಬಣ್ಣ, ಲೇಬಲ್ಲು. ಬತ್ತಿ? ಕಿಟ್ಟಿನ ಜೊತೆ ಏನು ಬಂತೋ ಅದು. ನನ್ನ ಪ್ರಕಾರ ಮೊದಲ ದುಡ್ಡು ಬತ್ತಿಗೇ ಹೋಗಬೇಕು. ಮೂರ್ನಾಲ್ಕು ದಪ್ಪದವು, ಒಂದೊಂದು ಬಗೆಯವು ಐದೈದು.

ನಮಗೆ ಈ ಅಸಡ್ಡೆ ಬಂದಿದ್ದು ಹಣತೆಯಿಂದ ಅನ್ಸುತ್ತೆ. ಅಜ್ಜಿ ದೀಪ ಹೊಗೆಯಾಡಿದರೆ ಕಡ್ಡಿಯಿಂದ ಬತ್ತಿ ಹಿಂದಕ್ಕೆ ತಳ್ಳೋರು, ಮಂಕಾದರೆ ಮುಂದಕ್ಕೆ ಎಳೆಯೋರು. ಎಣ್ಣೆದೀಪ ನಮ್ಮ ತಪ್ಪನ್ನ ತಿದ್ದೋಕೆ ಬಿಡುತ್ತೆ. ಮೇಣದಬತ್ತಿಯಲ್ಲಿ ಆ ಕಡ್ಡಿಯೇ ಇಲ್ಲ. ತುದಿ ಕತ್ತರಿಸಬಹುದು, ದಪ್ಪ ಬದಲಾಯಿಸೋಕೆ ಆಗಲ್ಲ. ಮೇಣ ಹುಯ್ಯೋ ಕ್ಷಣದಲ್ಲೇ ಅದರ ಹಣೆಬರಹ ಮುಗೀತು.

ದೇವರ ಮನೆಯ ಹತ್ತಿಬತ್ತಿಯನ್ನೇ ಮೇಣದಲ್ಲಿ ಅದ್ದಿ ನಿಲ್ಲಿಸಿದರಾಯ್ತು ಅಂತ ಹೇಳೋರಿದ್ದಾರೆ. ನಾನೂ ಮಾಡಿ ನೋಡಿದೆ. ಮೇಣ ಕರಗಿದ ಕೂಡಲೇ ಅಡ್ಡ ಬಿತ್ತು, ಲೋಟದ ಗೋಡೆಗೆಲ್ಲ ಕಾಡಿಗೆ. ಮೇಣದಬತ್ತಿಗೆ ಬೇಕಾದ್ದು ಜಡೆಯಂತೆ ಹೆಣೆದ ಬತ್ತಿ. ಉರೀತಾ ಉರೀತಾ ಅದರ ತುದಿ ಬಾಗಿ ಜ್ವಾಲೆಯ ಅಂಚಿಗೆ ಬರುತ್ತೆ, ಅಲ್ಲಿ ತಾನೇ ಸುಟ್ಟು ಬೂದಿಯಾಗುತ್ತೆ. ಫ್ರಾನ್ಸಿನಲ್ಲಿ 1825ರಲ್ಲಿ ಕಾಂಬಸೆರೆಸ್ ಅನ್ನೋರು ಈ ಹೆಣಿಗೆಯ ಬತ್ತಿ ತಂದರು. ಅದಕ್ಕೂ ಮುಂಚೆ ಮೇಣದಬತ್ತಿ ಹಚ್ಚಿದವರು ಅದರ ಪಕ್ಕದಲ್ಲೇ ಕತ್ತರಿ ಹಿಡ್ಕೊಂಡು ಕೂತಿರಬೇಕಿತ್ತು!

ಇನ್ನು ದಪ್ಪದ ವಿಷಯ. ಇಲ್ಲೇ ನಾನು ಎಡವಿದ್ದು.

ನನ್ನ ಲೋಟದ ಒಳವ್ಯಾಸ 7.5 ಸೆಂ.ಮೀ. ಕಿಟ್ಟಿನ ಬತ್ತಿ ಹಚ್ಚಿದಾಗ ಮೊದಲ ಎರಡು ಗಂಟೆ ಮೇಣ ಅಂಚಿನವರೆಗೆ ಕರಗಲೇ ಇಲ್ಲ, ಗೋಡೆಗೆ ಬಿಳಿ ಉಂಗುರ ಉಳೀತು. ಛೆ, ಸಣ್ಣದಾಯ್ತು ಅಂತ ಎರಡು ಹೆಜ್ಜೆ ದಪ್ಪದ್ದು ಹಾಕಿದೆ. ಒಂದೂಕಾಲು ಗಂಟೆಯಲ್ಲಿ ಅಂಚಿನಿಂದ ಅಂಚಿಗೆ ಕೊಳ! ಫೋಟೋ ತೆಗೆದೆ, ಆರಿಸಿದೆ, ಅದೇ ಬತ್ತಿಯಲ್ಲಿ ಹನ್ನೆರಡು ಲೋಟ ಹುಯ್ದೆ. ಲಾಗಿನ್ ಪುಟ ತೆರೆದುಕೊಳ್ತು ಅಂತ ಇಡೀ ಸಾಫ್ಟ್‌ವೇರನ್ನ ಗ್ರಾಹಕರಿಗೆ ಕಳಿಸಿದ ಹಾಗೆ. ಹೊಟ್ಟೆಪಾಡಿಗೆ ಅದೇ ಕೆಲಸ ಮಾಡೋ ನನಗೆ ಇದು ಹೊಳೀಬೇಕಿತ್ತು.

ಆಮೇಲೆ ಅರ್ಥವಾಗಿದ್ದು ಇಷ್ಟು. ಮೇಲ್ಗಡೆ ಉರಿಯೋ ಜ್ವಾಲೆಯ ಬಿಸಿ ಗಾಳಿಗೆ ಹೋಗುತ್ತೆ. ಮೇಣ ಕೆಳಗಿಳಿದ ಹಾಗೆ ಜ್ವಾಲೆ ಲೋಟದ ಒಳಗೆ ಸಿಕ್ಕಿಹಾಕಿಕೊಳ್ಳುತ್ತೆ, ಗೋಡೆಗಳು ಬಿಸಿಯನ್ನ ಹಿಡಿದಿಟ್ಕೊಳ್ತವೆ. ಹಾಗಾಗಿ ಮೊದಲ ಸಲವೇ ಸರಸರ ಅಂಚು ಮುಟ್ಟುವ ಬತ್ತಿ ತಳಕ್ಕೆ ಬರೋ ಹೊತ್ತಿಗೆ ಒಲೆ ಆಗಿರುತ್ತೆ. ವ್ಯಾಸದ ಒಂದೊಂದು ಇಂಚಿಗೆ ಸುಮಾರು ಒಂದೊಂದು ಗಂಟೆ ಅನ್ನೋದು ಲೆಕ್ಕ. ನನ್ನ ಲೋಟಕ್ಕೆ ಮೂರು ಗಂಟೆ ಬೇಕಿತ್ತು. ಆ ಬಿಳಿ ಉಂಗುರಕ್ಕೆ ನಾನು ಹೆದರಬಾರದಿತ್ತು, ಅಂಥದ್ದು ಎಷ್ಟೋ ಸಲ ಕೆಳಗಿನ ಅರ್ಧ ಉರಿಯುವಾಗ ತಾನೇ ಕರಗುತ್ತೆ.

ಅಂಗಡಿಯವರ ಪಟ್ಟಿ ನೋಡಿ ತಗೊಂಡ್ರೆ ಸಾಲದಾ ಅಂತ ಕೇಳಬಹುದು. ಸಾಲದು. ಸಿಡಿ 10ಕ್ಕೂ ಇಕೋ 10ಕ್ಕೂ ನಂಟಿಲ್ಲ, ಒಂದೊಂದು ಬಗೆಗೆ ಒಂದೊಂದು ಎಣಿಕೆ. ಸೋಯಾ ಮೇಣಕ್ಕೆ ಸಾಮಾನ್ಯವಾಗಿ ಪ್ಯಾರಾಫಿನ್‌ಗಿಂತ ದಪ್ಪದ್ದು ಬೇಕು. ಪರಿಮಳದ ಎಣ್ಣೆ ಬದಲಾದರೂ ಲೆಕ್ಕ ತಪ್ಪುತ್ತೆ. ಪಟ್ಟಿ ಹೇಳೋದು ಎಲ್ಲಿಂದ ಶುರು ಮಾಡಬೇಕು ಅಂತ ಮಾತ್ರ.

ಅಂದ ಹಾಗೆ, ಅಕ್ಕ “ಬತ್ತಿಯೊಳಗೆ ಸೀಸದ ತಂತಿ ಇರುತ್ತಂತಲ್ಲೋ” ಅಂತ ಕೇಳಿದ್ದಳು. ಹಿಂದೆ ಕೆಲವು ಬತ್ತಿಗಳಲ್ಲಿ ಇರ್ತಿತ್ತು, ಅಮೆರಿಕದಲ್ಲಿ 2003ರಲ್ಲಿ ಅದನ್ನ ನಿಷೇಧಿಸಿದರು. ನನ್ನದು ಬರೀ ಹತ್ತಿ. ಬರೀ ಹತ್ತಿಯೇ ಲೋಟ ಸೀಳಿದ್ದು!

ಹಾಗಾಗಿ ನಾನೀಗ ಸ್ವಲ್ಪ ಹಟಮಾರಿ. ಅದೇ ಲೋಟ, ಅದೇ ಮೇಣ, ಅದೇ ಪರಿಮಳ, ಅದೇ ಬತ್ತಿ ಇಟ್ಟು ಮೇಲಿಂದ ತಳದವರೆಗೆ ಒಂದನ್ನಾದರೂ ಪೂರ್ತಿ ಉರಿಸದೆ ಇನ್ನೊಬ್ಬರ ಮನೆಗೆ ಕೊಡೋದು ತಪ್ಪು. “ಹವ್ಯಾಸಕ್ಕೆ ಇಷ್ಟೊಂದು ಯಾಕೋ ಮಾರಾಯ” ಅಂತಾನೆ ರೂಮ್‌ಮೇಟ್. ಹವ್ಯಾಸ ನನ್ನದು, ಟೀಪಾಯಿ ದೊಡ್ಡಮ್ಮನದು.

ಈಗ ಅಡುಗೆಮನೆ ಕಟ್ಟೆ ಮೇಲೆ ನಾಲ್ಕು ಲೋಟ ಇವೆ, ಒಂದೊಂದಕ್ಕೂ ಟೇಪು ಅಂಟಿಸಿ ನಂಬರು ಬರೆದಿದೀನಿ. ಫ್ಯಾನ್ ಬಂದ್. ಬತ್ತಿ 6 ಮಿ.ಮೀ.ಗೆ ಕತ್ತರಿಸೋದು, ನಾಲ್ಕು ಗಂಟೆ ಉರಿಸೋದು, ಗಂಟೆಗೊಮ್ಮೆ ಬರ್ಕೊಳ್ಳೋದು, ಪೂರ್ತಿ ತಣಿಸಿ ಮತ್ತೆ ಹಚ್ಚೋದು. ತಳದಲ್ಲಿ 12 ಮಿ.ಮೀ. ಉಳಿದಾಗ ನಿಲ್ಲಿಸೋದು. (ಈ ಕೊನೇ ಮಾತನ್ನ ಹೋದ ಸಲ ಯಾರಿಗೂ ಹೇಳಿರಲಿಲ್ಲ.) ಒಂದನೇದು ತನ್ನ ಮೇಣದಲ್ಲೇ ಮುಳುಗಿ ಆರಿಹೋಯ್ತು. ನಾಲ್ಕನೇದರ ತುದಿಗೆ ಅಣಬೆ ಕಟ್ಟಿ ಗಾಜೆಲ್ಲ ಮಸಿ. ಎರಡು, ಮೂರು ಇನ್ನೂ ಕಣದಲ್ಲಿವೆ.

ದೊಡ್ಡಮ್ಮ ಮೊನ್ನೆ ಫೋನಿನಲ್ಲಿ “ಈ ಸಲ ನಮಗೆ ಇಲ್ವೇನೋ?” ಅಂದರು. ಮೂರನೇ ಲೋಟದ ಕೊನೇ ಕಾಲುಭಾಗ ಇವತ್ತು ರಾತ್ರಿ ಉರೀಬೇಕು, ನೋಡ್ಕೊಂಡು ಹೇಳ್ತೀನಿ ಅಂದಿದೀನಿ.