ತಂತಿಯ ಗೋಜಲು, ಬೆಳಕಿನ ಹಾದಿ

ಅನೇಕ ಪ್ರೊಸೆಸರುಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಬಿಡಿಸುವ ಯಂತ್ರಕ್ಕೆ ಸಮಾಂತರ ಗಣಕಯಂತ್ರವೆಂದು ಹೆಸರು. ಅದರ ವೇಗವನ್ನು ಹೊಗಳುವವರು ಬಹುಮಂದಿ. ಅದರ ತಂತಿಗಳನ್ನು ಎಣಿಸುವವರು ವಿರಳ. ನಾವು ಎಣಿಸಿ ನೋಡೋಣ.

1986ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಕನೆಕ್ಷನ್ ಮೆಷೀನ್’ ಎಂಬ ಯಂತ್ರದಲ್ಲಿ 65,536 ಪುಟ್ಟ ಪ್ರೊಸೆಸರುಗಳಿದ್ದವು. ಚಿಪ್ಪೊಂದಕ್ಕೆ 16ರಂತೆ ಒಟ್ಟು 4,096 ಚಿಪ್ಪುಗಳು. ಪ್ರತಿಯೊಂದನ್ನೂ ಉಳಿದೆಲ್ಲವುಗಳಿಗೆ ನೇರವಾಗಿ ಜೋಡಿಸಹೊರಟರೆ 83,86,560 ಜೋಡಣೆಗಳು ಬೇಕು! ಆದುದರಿಂದ ನಿರ್ಮಾಪಕರು ಪ್ರತಿ ಚಿಪ್ಪನ್ನೂ 12 ಚಿಪ್ಪುಗಳಿಗೆ ಮಾತ್ರ ಸೇರಿಸಿ, ಜೋಡಣೆಗಳನ್ನು 24,576ಕ್ಕೆ ಇಳಿಸಿದರು. ಆದರೆ ಇದಕ್ಕಾಗಿ ಸಂದೇಶವೊಂದು ಗುರಿ ಮುಟ್ಟುವ ಮುನ್ನ 12 ಜೋಡಣೆಗಳನ್ನು ದಾಟಬೇಕಾದ ಸಂದರ್ಭವೂ ಉಂಟಾಯಿತು.

ತಾಮ್ರದ ತಂತಿಗೆ ಬೇರೆ ದೋಷಗಳೂ ಉಂಟು. ಸಂಕೇತಗಳ ಆವರ್ತಾಂಕ ಏರಿದಂತೆ ವಿದ್ಯುತ್ಪ್ರವಾಹವು ತಂತಿಯ ಹೊರಮೈಗೆ ಸರಿದು ನಷ್ಟ ಹೆಚ್ಚುತ್ತದೆ. ನೆರೆಯ ತಂತಿಗಳು ಒಂದರ ಸಂಕೇತವನ್ನು ಇನ್ನೊಂದು ಕೆಡಿಸುತ್ತವೆ. ಬೆಳಕಾದರೋ ಹಾಗಲ್ಲ. ಎರಡು ಕಿರಣಗಳು ಅಡ್ಡಹಾಯ್ದರೂ ತಮ್ಮ ತಮ್ಮ ದಾರಿ ಹಿಡಿದು ಸಾಗುತ್ತವೆ. ಕೂದಲೆಳೆಯಂಥ ಒಂದೇ ಗಾಜಿನೆಳೆಯಲ್ಲಿ ಹಲವು ಬಣ್ಣದ ಬೆಳಕುಗಳು ಬೇರೆ ಬೇರೆ ಸಂದೇಶಗಳನ್ನು ಏಕಕಾಲಕ್ಕೆ ಒಯ್ಯಬಲ್ಲವು.

ಇದು ಬರಿಯ ಊಹೆಯಲ್ಲ. 2023ರಲ್ಲಿ ಗೂಗಲ್ ಸಂಸ್ಥೆಯ ಇಂಜಿನಿಯರುಗಳು ವಿವರಿಸಿದ ಒಂದು ಯಂತ್ರದಲ್ಲಿಯೂ ಚಿಪ್ಪುಗಳು 4,096. ಅಲ್ಲಿ 64 ಚಿಪ್ಪುಗಳ ಒಂದೊಂದು ಗುಂಪಿನೊಳಗೆ ತಾಮ್ರವೇ ಇದೆ. ಗುಂಪು ಗುಂಪುಗಳ ನಡುವೆ ಮಾತ್ರ ಗಾಜಿನೆಳೆಗಳು. ಅತಿ ಸಣ್ಣ ಕನ್ನಡಿಗಳು ತುಸು ವಾಲಿ ಕಿರಣವನ್ನು ಬೇಕಾದ ಎಳೆಗೆ ತಿರುಗಿಸುತ್ತವೆ. ಒಂದು ಗುಂಪು ಕೆಟ್ಟರೆ ಯಾರೂ ತಂತಿ ಬಿಚ್ಚಿ ಕಟ್ಟಬೇಕಾಗಿಲ್ಲ. ಕನ್ನಡಿ ವಾಲಿದರೆ ದಾರಿ ಬದಲಾಯಿತು.

ಹಾಗೆಂದು, ಇನ್ನು ಲೆಕ್ಕವನ್ನೂ ಬೆಳಕೇ ಮಾಡಲಿ ಎಂಬ ಉತ್ಸಾಹವನ್ನು ನಾವು ಒಪ್ಪಲಾರೆವು. ಗಣಿತಕ್ಕೆ ಒಂದು ಸಂಕೇತವು ಇನ್ನೊಂದನ್ನು ತಡೆಯಬೇಕು ಇಲ್ಲವೆ ಬಿಡಬೇಕು. ಕಿರಣಗಳೋ ಒಂದನ್ನೊಂದು ಸೋಕದೆ ಹೋಗುತ್ತವೆ. ಒಯ್ಯುವುದರಲ್ಲಿ ಗುಣವಾದದ್ದೇ ಎಣಿಸುವುದರಲ್ಲಿ ಕೊರತೆಯಾಗುತ್ತದೆ. ಕನ್ನಡಿ ವಾಲಲು ಮಿಲಿಸೆಕೆಂಡುಗಳೇ ಬೇಕಾದ್ದರಿಂದ, ಕ್ಷಣಕ್ಷಣಕ್ಕೂ ಬದಲಾಗುವ ಹಾದಿಗಳಿಗೂ ಅದು ಒದಗದು. ಎಣಿಕೆ ಎಲೆಕ್ಟ್ರಾನಿಗಿರಲಿ, ಸಾಗಾಟ ಬೆಳಕಿಗಿರಲಿ: ಇದೇ ವಿವೇಕದ ಹಂಚಿಕೆ.

ನಮ್ಮ ವಿದ್ಯಾರ್ಥಿಗಳಲ್ಲಿ ಗಣಕ ಕಲಿಯುವವರು ಕನ್ನಡಿ, ಮಸೂರಗಳ ಅಧ್ಯಾಯವನ್ನು ಪರೀಕ್ಷೆಗಷ್ಟೇ ಓದಿ ಮರೆಯುವುದುಂಟು. ಮುಂದಿನ ಗಣಕಗಳ ವೇಗವು ಚಿಪ್ಪುಗಳ ಸಂಖ್ಯೆಯನ್ನಷ್ಟೇ ಅಲ್ಲ, ಅವುಗಳ ನಡುವಣ ಹಾದಿಯನ್ನೂ ಅವಲಂಬಿಸಿದೆ. ಆ ಹಾದಿಯ ನಿಯಮಗಳು ಅದೇ ಅಧ್ಯಾಯದಲ್ಲಿವೆ.